ಮೂವತ್ತೊಂದು ಸೇತುವೆಗಳ ಲೆಕ್ಕ

ಒಂದೇ ಪುಟ ಸಾಕು ಎಂದಿದ್ದರು ನಿರ್ದೇಶಕರು:
ನಕ್ಷೆ ಬರೆದು ಅದರಿಂದಲೇ ಕೋಡ್ ಹುಟ್ಟಿಸುವ ಈ ಹೊಸ ಪದ್ಧತಿಯಿಂದ
ಸಂಸ್ಥೆಗೆ ಆದ ಲಾಭವೇನು?
ನಾನು ಲೆಕ್ಕದವಳು. ಕೂಡುವುದು ಗೊತ್ತು, ಕಳೆಯುವುದು ಗೊತ್ತು.
ಬರೆಯಲು ಕೂತೆ.

ನಮ್ಮವು ಮೂವತ್ತೊಂದು ಸೇತುವೆ, ಎಲ್ಲವೂ ಎದ್ದು ನಿಲ್ಲುವಂಥವು.
ದೋಣಿ ಬಂದರೆ ರಸ್ತೆಯೇ ಮೇಲೆದ್ದು
ಮೋಡಕ್ಕೆ ಮುಖ ಮಾಡುತ್ತದೆ.
ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ
ಹಾಯಿ ದಾಟುವ ತನಕ ಕಾಯುತ್ತಾರೆ.
ಫ್ರೀಸ್‌ಲ್ಯಾಂಡಿನಲ್ಲಿ ಮೊದಲ ಮಣೆ ನೀರಿಗೆ.

ಸೇತುವೆಗೊಂದು ಪ್ರೋಗ್ರಾಂ, ಮೂವತ್ತೊಂದನ್ನೂ ಬರೆದವನು ಊಬೆಲೆ.
ಒಂದಕ್ಕೆ ಹಾಕಿದ ತೇಪೆ ಇನ್ನೊಂದಕ್ಕೆ ಹೊಂದುವುದಿಲ್ಲ.
ನಡುನಡುವೆ ಟಿಪ್ಪಣಿ:
'ಈ ಸಾಲು ಮುಟ್ಟಬೇಡಿ. ಯಾಕೆಂದು ಕೇಳಬೇಡಿ.'
ಇಪ್ಪತ್ತಾರು ವರ್ಷ ಯಾರೂ ಮುಟ್ಟಲಿಲ್ಲ,
ಕೇಳಲೂ ಇಲ್ಲ.

ಒಮ್ಮೆ ಸರ್ಕಾರದ ಆದೇಶ ಬಂತು:
ಗೇಟು ಇಳಿಯುವ ಮುನ್ನ ಕೆಂಪು ದೀಪ
ಮೂರು ಸೆಕೆಂಡು ಹೆಚ್ಚು ಉರಿಯಲಿ.
ಮೂರು ಸೆಕೆಂಡಿಗೆ ಹಿಡಿದದ್ದು ಏಳು ತಿಂಗಳು.
ದಂಡ ಕಟ್ಟಿದ ರಸೀತಿ ಇನ್ನೂ ನನ್ನ ಕಪಾಟಿನಲ್ಲಿದೆ,
ನೀಲಿ ಫೈಲು, ಎರಡನೇ ಖಾನೆ.

ಆಮೇಲೆ ಬಂದವಳು ಯಿಲ್ಡೌ.
ಬಂದವಳೇ ಕೋಡ್ ಕೇಳಲಿಲ್ಲ. ಕೇಳಿದ್ದು,
'ಸೇತುವೆ ಅಂದರೆ ಏನು?'
ನಾವು ನಕ್ಕೆವು.
ಅವಳು ಗೋಡೆಯ ಮೇಲೆ ಚೌಕ ಬರೆದಳು: ಮಲಗಿದೆ, ಏಳುತ್ತಿದೆ,
ಎದ್ದಿದೆ, ಇಳಿಯುತ್ತಿದೆ.
ಚೌಕದಿಂದ ಚೌಕಕ್ಕೆ ಬಾಣ.
ಉಳಿದದ್ದೆಲ್ಲ, ಅಗಲ, ತೂಕ, ದೀಪ ಎಷ್ಟು, ಗಂಟೆ ಯಾವ ಕಡೆ,
ಒಂದು ಪಟ್ಟಿ.
ನಕ್ಷೆ ಒಂದೇ. ಸೇತುವೆ ಮೂವತ್ತೊಂದು. ಕೋಡ್ ಬರೆಯುವುದು ಯಂತ್ರ.

ಈ ವರ್ಷ ಮತ್ತೊಂದು ಆದೇಶ.
ಮಂಗಳವಾರ ಕಾಫಿ ಹೊತ್ತಿಗೆ ಬಾಣದ ಮೇಲೆ ಒಂದು ಅಂಕಿ ತಿದ್ದಿದಳು.
ಗುರುವಾರ ಸಂಜೆಗೆ ಪರೀಕ್ಷೆಯೂ ಮುಗಿದು ಎಲ್ಲ ಸೇತುವೆಗೂ ಹೋಗಿತ್ತು.
ಏಳು ತಿಂಗಳ ಎದುರು ಮೂರು ದಿನ.
ಮೂವತ್ತೆರಡನೆಯ ಸೇತುವೆಗೆ ಖರ್ಚು ಮೂರರಲ್ಲೊಂದು ಪಾಲು.
ಇಲ್ಲಿಗೆ ಚುಕ್ಕಿ ಇಟ್ಟಿದ್ದರೆ
ನನ್ನ ಪುಟ ಮುಗಿಯುತ್ತಿತ್ತು.

ಆದರೆ ರಿನ್ಸೆ ಬಂದಿದ್ದನಲ್ಲ ಆ ದಿನ.
ನಲವತ್ತು ವರ್ಷ ಸೇತುವೆ ಕಾದವನು,
ಉಗುರಿನ ಸಂದಿಯಿಂದ ಗ್ರೀಸು ಎಂದೂ ಹೋಗದವನು,
ಕೋಡಿನ ಒಂದಕ್ಷರ ಓದಲಾರದವನು.
ಟೋಪಿ ತೆಗೆದು, ಕನ್ನಡಕ ಹಾಕಿ,
ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ನಡೆದ,
ಚೌಕ, ಬಾಣ, ಚೌಕ, ಬಾಣ,
ನಿಂತ.
'ಅರ್ಧ ಎದ್ದಾಗ ಬಿರುಗಾಳಿ ಬಂದರೆ?
ಇಲ್ಲಿಂದ ಕೆಳಗಿಳಿಯಲು ದಾರಿಯೇ ಇಲ್ಲವಲ್ಲ, ತಾಯಿ.'

ಯಾರೂ ಮಾತಾಡಲಿಲ್ಲ.
ಕಿಟಕಿಯ ಬಳಿಯಿಂದ ಊಬೆಲೆ, ಮೆಲ್ಲಗೆ:
'ಅದೇ. ಮುಟ್ಟಬೇಡಿ ಎಂದೆನಲ್ಲ, ಅದೇ ಸಾಲು.'

ಯಿಲ್ಡೌ ಸೀಮೆಸುಣ್ಣವನ್ನು ರಿನ್ಸೆಯ ಕೈಗೇ ಕೊಟ್ಟಳು.
ಸೊಟ್ಟಗೆ ಎಳೆದ ಅವನು, ಇಳಿಮುಖದ ಒಂದು ಬಾಣ.

ಇದನ್ನು ಯಾವ ಖಾನೆಗೆ ಬರೆಯಲಿ?
ಬಲಗಡೆ ಉಳಿತಾಯ, ಎಡಗಡೆ ವೆಚ್ಚ.
ಯಂತ್ರ ಬರೆದ ಕೋಡಿಗೆ ಕೈಬರಹವಿಲ್ಲ ಎಂದು
ಊಬೆಲೆ ಈಗಲೂ ಮುಖ ಸಿಂಡರಿಸುತ್ತಾನೆ; ಅದು ಎಡಗಡೆ, ಇರಬಹುದು.
ಅಡಿಟಿಪ್ಪಣಿ ಹಾಕಿದೆ:
'ಬಾಣ, ಒಂದು. ತಂದವರು ರಿನ್ಸೆ. ಕಾಫಿ, ಎರಡು ಲೋಟ.'
ನಿರ್ದೇಶಕರು ಅದನ್ನು ಹೊಡೆದುಹಾಕಿದರು.
ಮೊತ್ತ ಸರಿಯಾಗಿಯೇ ಕೂಡಿತು.

ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೊರಟರೆ
ಕೆಂಪು ದೀಪ. ಒಂದು ಕಾಲು ನೆಲಕ್ಕೂರಿ
ಎಣಿಸಿದೆ, ಒಂದು, ಎರಡು, ಮೂರು.
ಗೇಟು ಇಳಿಯಿತು.
ಪಡುವಣ ಗಾಳಿ ಏಳತೊಡಗಿತ್ತು.